ಹದಿನಾರು ಪಟ್ಟೆಯ ಗವುಸು

ಫೆಬ್ರವರಿ ೩, ಸೋಮವಾರ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಮನೆ ಸೇರಿದೆವು. ಹದಿನಾಲ್ಕು ದಿನಗಳಾದವು. ಲಿಫ್ಟು ಎಂದಿನಂತೆ ಕೆಟ್ಟಿರುವುದರಿಂದ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಆಳುಗಳ ಕೈಯಲ್ಲಿ ಮೂರನೆಯ ಮಹಡಿಗೆ ಹೊರಿಸಬೇಕಾಯಿತು.

ವೈದ್ಯರು ಹೇಳಿದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ ಸ್ವಾಧೀನ ತಪ್ಪಿದೆ. ಕಾಲು ತಕ್ಕಮಟ್ಟಿಗೆ ಸುಧಾರಿಸಿದೆ. ಕೈಗೆ ಮರಳಿ ಬರುವ ಬಲದ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಬರಬೇಕು, ಎಂದರೆ ಏಪ್ರಿಲ್ ಇಪ್ಪತ್ತರೊಳಗೆ. ಅದಕ್ಕಾಗಿ ದಿನವೂ ವ್ಯಾಯಾಮ ಮಾಡಲೇಬೇಕು. ಮಾತಿಗೆ ಧಕ್ಕೆಯಿಲ್ಲ.

ಕೊನೆಯ ಅಂಶ ಮೆಟ್ಟಿಲುಗಳ ಮೇಲೆಯೇ ಸಾಬೀತಾಯಿತು. "ಮೆಲ್ಲಗೆ ಕಣ್ರಪ್ಪಾ, ಬೀಳಿಸಿದ್ರೆ ಇರೋ ಇನ್ನೊಂದು ಕೈಯೂ ಹೋಗುತ್ತೆ" ಎಂದು ಆಕೆ ಆಳುಗಳನ್ನು ನಗಿಸಿದಳು.

ಬೇರೆಯವರಿಗೆ ಎಡಗೈ ಹೋದರೆ ಅರ್ಧ ನಷ್ಟವಷ್ಟೆ. ನನ್ನ ಹೆಂಡತಿ ಎಡಚಿ.

ಕಿಟಕಿಯ ಬಳಿ ನಮ್ಮ ಎರಡು ಕುರ್ಚಿಗಳು ಬೀದಿಗೆ ಮುಖಮಾಡಿ, ಅಕ್ಕಪಕ್ಕದಲ್ಲಿ, ಮೂವತ್ತೆಂಟು ವರ್ಷಗಳಿಂದ ಇರುವಂತೆಯೇ ಇದ್ದವು. ಕೂರಿಸಿದೆ. ಸಂಜೆಯವರೆಗೂ ಇಬ್ಬರೂ ಬೀದಿಯನ್ನು ನೋಡಿದೆವು.

ಫೆಬ್ರವರಿ ೬, ಗುರುವಾರ

ಬೆಳಿಗ್ಗೆ ಒಂಬತ್ತಕ್ಕೆ ವ್ಯಾಯಾಮ ಮಾಡಿಸುವ ತರುಣಿ ಬಂದಳು. ಕೆಂಪು ರಬ್ಬರು ಚೆಂಡೊಂದನ್ನು ಹೆಂಡತಿಯ ಎಡಗೈಯೊಳಗೆ ಇಟ್ಟು, "ಅಮ್ಮಾ, ಹಿಸುಕಿ. ಇಪ್ಪತ್ತು ಸಲ" ಎಂದಳು.

"ಹಿಸುಕಿದ್ರೆ ಏನು ಬರುತ್ತಮ್ಮ? ರಸ ಬರುತ್ತಾ?"

"ಬಲ ಬರುತ್ತೆ ಅಮ್ಮಾ."

"ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದವಳೇ ಚೆಂಡು ಬೆರಳುಗಳ ನಡುವಿನಿಂದ ಉರುಳಿ ಸೋಫಾದ ಕೆಳಗೆ ಹೋಗುವುದನ್ನು ಸುಮ್ಮನೆ ನೋಡಿದಳು.

ತರುಣಿ ಹೋದ ಬಳಿಕ ನಾನು ಸಿದ್ಧಪಡಿಸಿದ್ದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನ ಕೈಯಿಂದ ಬಂದ ಪಟ್ಟಿ, ಗೆರೆಯೊಂದೂ ಓರೆಯಿಲ್ಲ. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಇಪ್ಪತ್ತು, ಸಂಜೆ ಇಪ್ಪತ್ತು ಎಂದು ವಿವರಿಸಿದೆ. ಆಕೆ ಕೊನೆಯವರೆಗೂ ಕೇಳಿ ಹೀಗೆಂದಳು:

"ಆ ಕೈ ಬೇಡ, ಈ ಕೈಯಲ್ಲಿ ಹಿಡಿ, ಈ ಕೈಯಲ್ಲಿ ಬರಿ ಅಂತ ಮೂವತ್ತೆಂಟು ವರ್ಷ ಹೇಳಿದ್ರಲ್ಲ. ಈಗ ಆ ಕೈ ನಿಮ್ಮ ಮಾತು ಕೇಳಿದೆ. ಬಿಡಿ."

ಇದು ಅನ್ಯಾಯದ ಮಾತು. ಜನರೆದುರು ಬಲಗೈ ಬಳಸೆಂದು ನಾನು ಹೇಳಿದ್ದು ಹೆಚ್ಚೆಂದರೆ ಮೂರೋ ನಾಲ್ಕೋ ಸಲ. ಅದೂ ಆಕೆಯ ಒಳಿತಿಗಾಗಿ. ನನ್ನ ರಕ್ತದೊತ್ತಡ ೧೪೦/೮೮.

ಫೆಬ್ರವರಿ ೧೧, ಮಂಗಳವಾರ

ಚೆಂಡನ್ನು ಇದುವರೆಗೆ ಒಮ್ಮೆಯೂ ಹಿಸುಕಿಲ್ಲ. ವೇಳಾಪಟ್ಟಿಯ ಚೌಕಗಳು ಖಾಲಿಯಿವೆ.

ಕಪಾಟನ್ನು ಒಪ್ಪಮಾಡುವಾಗ ಆಕೆಯ ಬಟ್ಟೆಚೀಲ ಸಿಕ್ಕಿತು. ಮಗಳ ಹೊಸ ಮನೆಯ ಓದುವ ಕುರ್ಚಿಗೆಂದು ಕ್ರೋಶಾದಲ್ಲಿ ಹೆಣೆಯುತ್ತಿದ್ದ ದಿಂಬಿನ ಗವುಸು ಅದರಲ್ಲಿತ್ತು. ಮುಂದಿನ ಮುಖ ಮುಗಿದಿದೆ. ಋತುಗಳ ನಾಲ್ಕು ಬಣ್ಣ: ಚಿಗುರಿನ ಹಸಿರು, ಬಿಸಿಲಿನ ಹಳದಿ, ಒಣಗಿದೆಲೆಯ ಕಂದು, ಮಂಜಿನ ಬೂದು. ಈ ನಾಲ್ಕೂ ನಾಲ್ಕು ಬಾರಿ ಸುತ್ತಿ ಬಂದು ಒಟ್ಟು ಹದಿನಾರು ಪಟ್ಟೆಗಳಾಗಿವೆ. ಅಳೆದು ನೋಡಿದೆ. ಪ್ರತಿ ಪಟ್ಟೆ ಸರಿಯಾಗಿ ಇಪ್ಪತ್ತೈದು ಮಿಲಿಮೀಟರು. ಆಕೆ ಎಂದೂ ಅಡಿಕೋಲು ಹಿಡಿದವಳಲ್ಲ. ಹೇಗೆ ಸಾಧ್ಯವಾಯಿತೋ ತಿಳಿಯದು.

ಹಿಂದಿನ ಮುಖಕ್ಕೆ ಅರವತ್ತು ಕುಣಿಕೆಗಳ ಸರಪಳಿಯೊಂದನ್ನಷ್ಟೇ ಹಾಕಿ ನಿಲ್ಲಿಸಿದ್ದಾಳೆ. ತುದಿಗೆ ಕೊಕ್ಕೆಯಿರುವ ಕಡ್ಡಿ ಇನ್ನೂ ಕೊನೆಯ ಕುಣಿಕೆಯಲ್ಲೇ ಸಿಕ್ಕಿಕೊಂಡಿತ್ತು. ಅದು ಜನವರಿ ಹತ್ತೊಂಬತ್ತರ ಸಂಜೆಯಿರಬೇಕು. ಮರುದಿನ ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ಕುಸಿದಳು.

"ಬಿಸಾಡಿ ಅದನ್ನ," ಎಂದಳು.

ಅರ್ಧ ಬರೆದ ನಕ್ಷೆಯನ್ನು ಮೇಜಿನ ಮೇಲೆ ಬಿಟ್ಟು ನಾನು ಎಂದೂ ಮನೆಗೆ ಹೋದವನಲ್ಲ. "ಹೇಳಿಕೊಡು, ನಾನು ಮುಗಿಸುತ್ತೇನೆ" ಎಂದೆ.

"ನೀವಾ?"

"ನಾನೇ."

ಆಸ್ಪತ್ರೆಗೆ ಹೋದಂದಿನಿಂದ ಮೊದಲ ಬಾರಿಗೆ ನಕ್ಕಳು. ನನ್ನನ್ನು ನೋಡಿಯೇ ನಕ್ಕಳೆಂಬುದನ್ನೂ ದಾಖಲಿಸುತ್ತೇನೆ.

ಫೆಬ್ರವರಿ ೧೩, ಗುರುವಾರ

ನಿನ್ನೆಯಿಡೀ ವ್ಯರ್ಥವಾಯಿತು. ಪಕ್ಕದ ಕುರ್ಚಿಯಲ್ಲಿ ಕುಳಿತು ಆಕೆ "ಬಲಕ್ಕೆ" ಎಂದಾಗ ಬಲಕ್ಕೆ ಹೋದರೆ ತಪ್ಪಾಗುತ್ತಿತ್ತು. "ಒಳಗಿಂದ" ಎಂದದ್ದು ಹೊರಗಾಗುತ್ತಿತ್ತು. ಆಕೆಯ ಹೆಣಿಗೆಯೆಲ್ಲ ಎಡದಿಂದ ಬಲಕ್ಕೆ ಸಾಗುವಂಥದು, ನನ್ನದು ಬಲದಿಂದ ಎಡಕ್ಕೆ.

ಇಂದು ಬೆಳಿಗ್ಗೆ ಆಕೆಯೇ, "ಎದುರಿಗೆ ಬನ್ನಿ. ನಾನು ಕನ್ನಡಿ ಅಂದ್ಕೊಳ್ಳಿ. ನನ್ನ ಎಡ ನಿಮ್ಮ ಬಲ" ಎಂದಳು.

ಕುರ್ಚಿಯನ್ನು ತಿರುಗಿಸಿ ಎದುರಿಗೆ ಹಾಕಿಕೊಂಡೆ. ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಸ್ಥಳ. ಬೀದಿ ಕಾಣುವುದಿಲ್ಲ. ಕಣ್ಣೆತ್ತಿದರೆ ಆಕೆಯ ಮುಖವೇ. ಮೊದಲಿಗೆ ತುಸು ಮುಜುಗರವಾಯಿತು.

ಕೊಕ್ಕೆಗೆ ನೂಲು ಸುತ್ತುವುದು, ಕೆಳಗಿನ ಕುಣಿಕೆಯೊಳಗೆ ತೂರಿಸುವುದು, ಎಳೆಯುವುದು, ಮತ್ತೆ ಸುತ್ತಿ ಎಳೆಯುವುದು. ಸಾಲು ಮುಗಿದಾಗ ಮೂರು ಸರಪಳಿ ಹಾಕಿ ಹೆಣಿಗೆಯನ್ನು ತಿರುಗಿಸಬೇಕು. ಎರಡು ಸಾಲು ಸೇರಿದರೆ ಒಂದು ಪಟ್ಟೆ. ಹೇಳಲು ಇಷ್ಟೇ. ನೂಲು ಕೊಕ್ಕೆಯಿಂದ ಹತ್ತು ಸಲ ಜಾರಿತು. ಕಡ್ಡಿ ಸರಿಯಿಲ್ಲ, ಡೊಂಕಾಗಿದೆ ಎಂದೆ.

"ಕುಣಿಯಲಾರದವಳಿಗೆ ನೆಲ ಡೊಂಕಂತೆ. ಕೊಕ್ಕೆ ಇರೋದೇ ಡೊಂಕಾಗಿ ರೀ! ನೆಟ್ಟಗಿದ್ರೆ ಅದು ನಿಮ್ಮ ಹಾಗೆ ಯಾವುದಕ್ಕೂ ಉಪಯೋಗಕ್ಕೆ ಬರಲ್ಲ."

ಮೊದಲ ಪಟ್ಟೆ, ಹಸಿರು. ೨೩ ಮಿ.ಮೀ. ಎರಡು ಕಡಿಮೆ.

ಫೆಬ್ರವರಿ ೧೯, ಬುಧವಾರ

ನನ್ನ ಕುಣಿಕೆಗಳು ಬಿಗಿಯಾಗುತ್ತವೆಯಂತೆ. "ಆ ನೂಲಿಗೆ ಉಸಿರು ಕಟ್ಟುತ್ತೆ. ನಿಮ್ಮ ಕಚೇರಿಯವರು ನಿಮ್ಮನ್ನ ಸುಮ್ಮನೆ ಅಡಿಕೋಲು ಅಂತಿದ್ರಾ?" ಎಂದಳು. ಆ ಅಡ್ಡಹೆಸರು ಆಕೆಗೆ ತಿಳಿದಿದೆಯೆಂದು ನನಗೆ ತಿಳಿದಿರಲಿಲ್ಲ.

ಬಣ್ಣ ಬದಲಿಸುವ ಗುಟ್ಟು ಕಲಿತೆ. ಹಳೆಯ ಬಣ್ಣದ ಕೊನೆಯ ಎಳೆತದಲ್ಲೇ ಹೊಸ ಬಣ್ಣವನ್ನು ಕೊಕ್ಕೆಗೆ ಸಿಕ್ಕಿಸಬೇಕು. ಒಂದು ಋತು ಪೂರ್ತಿ ಮುಗಿಯಲೆಂದು ಕಾದರೆ ಗಡಿಯಲ್ಲಿ ಗಂಟು ಕಾಣುತ್ತದೆ.

ಹೆಣೆದ ಭಾಗ ಮಾಸದಿರಲೆಂದು ನಕ್ಷೆಯನ್ನು ಸುತ್ತಿಡುವ ಹಳೆಯ ರಟ್ಟಿನ ಕೊಳವೆಗೆ ಸುತ್ತಿಡುತ್ತಿದ್ದೇನೆ. ಪ್ರತಿ ಪಟ್ಟೆಯ ಎತ್ತರವನ್ನು ಅಳೆದು ಬರೆದುಕೊಳ್ಳುತ್ತೇನೆ. ಅಗಲವನ್ನು ಅಳೆಯುವ ಅಗತ್ಯವಿಲ್ಲ. ಅಡಿಪಾಯ ಅರವತ್ತಾದ ಮೇಲೆ ಮೇಲಿನದು ಅರವತ್ತಲ್ಲದೆ ಮತ್ತೇನಾದೀತು?

ನಾಲ್ಕನೆಯ ಪಟ್ಟೆ, ಬೂದು. ೨೪.

ಫೆಬ್ರವರಿ ೨೭, ಗುರುವಾರ

ಏಳನೆಯ ಪಟ್ಟೆ. ೨೫ ಮಿ.ಮೀ.! ಆಕೆಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹೂಂ, ಮುಂದಕ್ಕೆ ಹಾಕಿ" ಎಂದಳು. ಹೊಗಳಿಕೆಯೆಂದೇ ಭಾವಿಸಿದ್ದೇನೆ.

ಮಾರ್ಚ್ ೫, ಬುಧವಾರ

ಮಧ್ಯಾಹ್ನ ಮೂರು ತಾಸು ಹೆಣೆದೆ. ಆಕೆ ನನ್ನ ಬಲಗೈಯನ್ನೇ ನೋಡುತ್ತ ಕುಳಿತಿದ್ದಳು. ನಡುನಡುವೆ ಆಕೆಯ ಎಡಗೈಯ ಎರಡು ಬೆರಳುಗಳು ಮಡಿಲಲ್ಲಿ ಅಲುಗುತ್ತಿದ್ದವು. ಸೊಳ್ಳೆ ಕಾಟವಿರಬೇಕೆಂದು ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಅಲುಗುತ್ತಿದ್ದವು. ನಾಳೆ ಸೊಳ್ಳೆಬತ್ತಿ ತರಬೇಕು.

ಕ್ರೋಶಾ ಕಲಿತದ್ದು ಯಾರಿಂದ ಎಂದು ಕೇಳಿದೆ. ಸೋದರತ್ತೆಯಿಂದಂತೆ. ಅವರು ಬಲಗೈಯವರು. ಎಡಚಿಗೆ ಹೇಗೆ ಕಲಿಸುವುದೆಂದು ತಿಳಿಯದೆ ಒಂದು ವಾರ ತಲೆ ಚಚ್ಚಿಕೊಂಡು, ಕೊನೆಗೆ ಎದುರಿಗೆ ಕೂರಿಸಿಕೊಂಡರಂತೆ. "ನನ್ನ ಕೈ ಬದಲಾಯಿಸು ಅಂತ ಅವರು ಒಂದು ಸಲವೂ ಅನ್ನಲಿಲ್ಲ. ತಮ್ಮ ಕುರ್ಚಿ ಬದಲಾಯಿಸಿದ್ರು" ಎಂದಳು.

ನಾನು ಕುಣಿಕೆ ಎಣಿಸುತ್ತಿರುವಂತೆ ನಟಿಸಿದೆ.

ಮಾರ್ಚ್ ೧೪, ಶುಕ್ರವಾರ

ವ್ಯಾಯಾಮದ ತರುಣಿ ಗೋಡೆಯ ವೇಳಾಪಟ್ಟಿಯನ್ನು ನೋಡಿ, "ಸಾರ್, ಇದು ಇನ್ನೂ ಖಾಲಿ?" ಎಂದಳು. ಇನ್ನುಳಿದಿರುವುದು ಐದೇ ವಾರ. ನನಗೆ ನಾಚಿಕೆಯಾಯಿತು. ಈಚೆಗೆ ನೆನಪಿಸುವುದನ್ನೇ ಮರೆತಿದ್ದೇನೆ. ದಿನವೆಲ್ಲ ಹೆಣಿಗೆಯಲ್ಲೇ ಕಳೆಯುತ್ತದೆ. ಚೆಂಡನ್ನು ಕೊಟ್ಟರೆ ಆಕೆ ಈಗಲೂ ಮುಖ ತಿರುಗಿಸುತ್ತಾಳೆ.

ಸಂಜೆ ಮಗಳು ಬಂದಳು. ಎರಡು ಬೀದಿಗಳಾಚೆಯ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ಬಾಗಿಲಲ್ಲೇ ನಿಂತು, "ಅಪ್ಪಾ, ನಿಮ್ಮ ನಗು ಮೆಟ್ಟಿಲ ತನಕ ಕೇಳಿಸ್ತಿತ್ತು!" ಎಂದಳು.

"ಕೆಮ್ಮು," ಎಂದೆ.

"ಅಮ್ಮನಿಗೂ ಕೆಮ್ಮಾ?"

"ಅಂಟು ಕೆಮ್ಮು ಕಣೇ," ಎಂದಳು ಹೆಂಡತಿ.

ಹನ್ನೆರಡನೆಯ ಪಟ್ಟೆ. ಎತ್ತರ ಬರೆದುಕೊಳ್ಳಲು ಮರೆತೆ.

ಮಾರ್ಚ್ ೨೩, ಭಾನುವಾರ

ಹದಿನಾರನೆಯ ಪಟ್ಟೆ ಇಂದು ಹನ್ನೊಂದು ಗಂಟೆಗೆ ಮುಗಿಯಿತು. ಕೊಳವೆಯಿಂದ ಬಿಚ್ಚಿ ಆಕೆ ಹೆಣೆದ ಮುಖದ ಮೇಲೆ ಹಾಸಿದೆ.

ಚೌಕವಲ್ಲ. ಬುಡದಲ್ಲಿ ನಲವತ್ತು ಸೆಂಟಿಮೀಟರು, ತುದಿಯಲ್ಲಿ ಇಪ್ಪತ್ತೊಂಬತ್ತೂವರೆ. ಎರಡೂ ಪಕ್ಕಗಳಲ್ಲಿ ಇಳಿಜಾರು. ತಲೆಕೆಳಗಾಗಿಸಿದ ಬಕೆಟ್ಟಿನ ಆಕಾರ. ಕುಣಿಕೆ ಎಣಿಸಿದೆ. ಕೊನೆಯ ಸಾಲಿನಲ್ಲಿರುವುದು ನಲವತ್ತನಾಲ್ಕು.

ಕಾರಣ ತಿಳಿಯಲು ಕಾಲು ಗಂಟೆ ಬೇಕಾಯಿತು. ಸಾಲು ತಿರುಗಿಸುವಾಗ ಹಾಕುವ ಮೂರು ಸರಪಳಿಯೂ ಒಂದು ಕುಣಿಕೆಯೇ. ಮುಂದಿನ ಸಾಲಿನ ಕೊನೆಯಲ್ಲಿ ಅದರ ನೆತ್ತಿಯನ್ನೂ ಹಿಡಿದು ಹೆಣೆಯಬೇಕು. ನಾನು ಅದನ್ನು ಅಂಚೆಂದು ತಿಳಿದು, ಪಟ್ಟೆಗೊಂದರಂತೆ, ಒಮ್ಮೆ ಈ ಪಕ್ಕದಲ್ಲಿ ಒಮ್ಮೆ ಆ ಪಕ್ಕದಲ್ಲಿ, ಬಿಟ್ಟುಬಿಟ್ಟಿದ್ದೇನೆ. ಹದಿನಾರು ಪಟ್ಟೆಗಳಲ್ಲಿ ಹದಿನಾರು ಕುಣಿಕೆ.

"ಮೂರನೇ ಸಾಲಲ್ಲೇ ನೋಡಿದೆ," ಎಂದಳು ಆಕೆ. ಶಾಂತವಾಗಿ!

"ಮತ್ತೆ ಹೇಳಲಿಲ್ಲವೇಕೆ?"

"ಹೇಳಿದ್ರೆ ಬಿಚ್ಚಿ ಮೊದಲಿಂದ ಹಾಕ್ತಿದ್ರಿ. ಇನ್ನೊಂದು ತಪ್ಪು ಹೇಳಿದ್ರೆ ಮತ್ತೆ ಬಿಚ್ತಿದ್ರಿ. ಹತ್ತನೇ ಸಲ ಚೀಲಕ್ಕೆ ತುಂಬಿ, ಕುರ್ಚಿ ಬೀದಿ ಕಡೆ ತಿರುಗಿಸಿ, ಪೇಪರು ಹಿಡೀತಿದ್ರಿ. ನಿಮ್ಮನ್ನ ನಾನು ಇವತ್ತು ನೋಡ್ತಿಲ್ಲ."

"ಐದು ವಾರ ನನ್ನನ್ನು ಮೂರ್ಖನನ್ನಾಗಿ ಮಾಡಿದೆ."

"ಐದು ವಾರ ನನ್ನೆದುರಿಗೆ ಕೂತಿದ್ರಿ."

ಬದುಕಿನಲ್ಲಿ ಇಂಥ ನಕ್ಷೆಯನ್ನು ಯಾರ ಮೇಜಿಗೂ ಕಳಿಸಿದವನಲ್ಲ ನಾನು. ತುದಿಯ ನೂಲನ್ನು ಎಳೆದು ಎಲ್ಲವನ್ನೂ ಬಿಚ್ಚತೊಡಗಿದೆ. ಬೂದು ಪಟ್ಟೆಯ ಕಾಲುಭಾಗ ಬಿಚ್ಚಿಯೂ ಆಗಿತ್ತು. "ಬೇಡ ರೀ" ಎಂದಳು. ನಾನು ಕೇಳಲಿಲ್ಲ. ಆಕೆಯ ಬಲಗೈ ಕುರ್ಚಿಯ ತೋಳನ್ನು ಹಿಡಿದಿತ್ತು, ಎಡಗೈಯಿಂದ ಹೆಣಿಗೆಯ ಅಂಚನ್ನು ಹಿಡಿದುಕೊಂಡಳು. ಎಳೆದೆ, ಬಿಡಲಿಲ್ಲ. ಇನ್ನೊಮ್ಮೆ ಎಳೆದೆ, ಆಗಲೂ ಬಿಡಲಿಲ್ಲ. ಕೊನೆಗೆ ನಾನೇ ಬಿಟ್ಟು ಎದ್ದು ಹೊರಗೆ ಹೋದೆ. ಹಟಮಾರಿ ಹೆಂಗಸು.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಆರಕ್ಕೆ ಎದ್ದು ನಿನ್ನೆಯ ಪುಟವನ್ನು ಓದಿದೆ. ಸಿಟ್ಟಿನಲ್ಲಿ ಏನನ್ನಾದರೂ ಹೆಚ್ಚು ಬರೆದಿದ್ದರೆ ಹೊಡೆದುಹಾಕೋಣವೆಂದು.

ಎಡಗೈ ಎಂದು ಬರೆದಿದ್ದೇನೆ.

ಮತ್ತೆ ಓದಿದೆ. ಬಲಗೈ ಕುರ್ಚಿಯ ತೋಳಿನ ಮೇಲಿತ್ತು. ಅಂಚನ್ನು ಹಿಡಿದದ್ದು ಎಡಗೈ. ಎರಡು ಸಲ ಎಳೆದರೂ ಬಿಡಲಿಲ್ಲ.

ಆಕೆ ಇನ್ನೂ ಮಲಗಿದ್ದಳು. ಎಬ್ಬಿಸಿದೆ. "ಏನ್ರೀ, ಬಕೆಟ್ಟಿನ ಸಿಟ್ಟು ಇಳೀಲಿಲ್ವಾ?" ಎಂದು ಕಣ್ಣುಜ್ಜಿದಳು. ಪುಸ್ತಕವನ್ನು ಆಕೆಯ ಮುಂದೆ ಹಿಡಿದೆ. ದಿನಚರಿಯನ್ನು ಇನ್ನೊಬ್ಬರಿಗೆ ತೋರಿಸಿದ್ದು ಇದೇ ಮೊದಲು. ಕನ್ನಡಕವಿಲ್ಲದೆ ಓದಲಾರಳು, ನಾನೇ ಓದಿ ಹೇಳಿದೆ. "ಹಟಮಾರಿ ಹೆಂಗಸು" ಎಂಬುದನ್ನೂ ಬಿಡಲಿಲ್ಲ.

ಆಕೆ ತನ್ನ ಎಡಗೈಯನ್ನು ಹೊದಿಕೆಯ ಮೇಲಿಟ್ಟುಕೊಂಡು ಯಾರದೋ ಕೈಯನ್ನು ನೋಡುವಂತೆ ನೋಡಿದಳು. "ನಾನೂ ಗಮನಿಸಲಿಲ್ಲ ಕಣ್ರೀ. ಬಿಚ್ಚಿಬಿಡ್ತೀರಲ್ಲ ಅನ್ನೋದೊಂದೇ ತಲೇಲಿತ್ತು" ಎಂದಳು. ಬೆರಳು ಮಡಚಲು ಹೇಳಿದೆ. ಮಡಚಿದಳು, ಅರ್ಧದಷ್ಟು. ಆಮೇಲೆ ಅತ್ತಳು. ನಾನು ಕಾಫಿ ಮಾಡಲೆಂದು ಅಡುಗೆಮನೆಗೆ ಹೋದೆ. ಅಲ್ಲಿ ತುಸು ಹೊತ್ತು ನಿಲ್ಲಬೇಕಾಯಿತು.

ಸೊಳ್ಳೆಬತ್ತಿ ವ್ಯರ್ಥವಾಗಿ ತಂದೆನೆಂದು ಈಗ ತಿಳಿಯುತ್ತಿದೆ.

ಏಪ್ರಿಲ್ ೧, ಮಂಗಳವಾರ

ತರುಣಿ ಕ್ರೋಶಾ ಕಡ್ಡಿಯ ಹಿಡಿಗೆ ಬಟ್ಟೆ ಸುತ್ತಿ ಹೆಬ್ಬೆರಳ ಗಾತ್ರ ಮಾಡಿಕೊಟ್ಟಳು. ಚೆಂಡನ್ನು ಮರಳಿ ಚೀಲಕ್ಕೆ ಹಾಕಿಕೊಂಡಳು. ಬಿಚ್ಚಿದ್ದ ಬೂದನ್ನು ನಾನು ಮತ್ತೆ ಹೆಣೆದಿದ್ದೇನೆ. ನನ್ನ ಇಳಿಜಾರಿನ ಎರಡು ಪಕ್ಕಗಳನ್ನೂ ತಾನೇ ಹೆಣೆದು ತುಂಬುತ್ತೇನೆಂದು ಹೆಂಡತಿ ಹಟ ಹಿಡಿದಿದ್ದಾಳೆ. ತುದಿಯಲ್ಲಿ ಐದು ಸೆಂಟಿಮೀಟರಿಗೂ ಮಿಕ್ಕ ಅಗಲ, ಬುಡಕ್ಕೆ ಬರುವಾಗ ಏನೂ ಇಲ್ಲ. ಕೈ ಇರುವ ಸ್ಥಿತಿಯಲ್ಲಿ ಮೂರು ವಾರಗಳಲ್ಲಿ ಆದೀತೆ? ನಾನು ಕೇಳಲಿಲ್ಲ.

ಉಲ್ಲನ್ ಅಂಗಡಿಗೆ ಹೋಗಿಬಂದೆ. ದಾರಿಯಲ್ಲಿ ಬೇಡವೆಂದರೂ ನೆನಪಾದವು. ಮದುವೆಯ ನೋಂದಣಿ ಪುಸ್ತಕದಲ್ಲಿ ಸಹಿ ಹಾಕುವಾಗ ನಾನು ಲೇಖನಿಯನ್ನು ಆಕೆಯ ಬಲಗೈಗೆ ವರ್ಗಾಯಿಸಿದ್ದು. ಮೇಲಧಿಕಾರಿಯ ಮನೆಯ ಊಟದ ಮೇಜಿನಲ್ಲಿ ಚಮಚ. ಮಗಳ ಶಾಲೆಯ ಅಂಕಪಟ್ಟಿ. ಅಂಚೆಕಚೇರಿಯ ಸಾಲಿನಲ್ಲಿ, ಅಷ್ಟು ಜನರೆದುರು, ಗಟ್ಟಿಯಾಗಿ. ಅಂಗಡಿ ತಲುಪುವ ವೇಳೆಗೆ ಇಪ್ಪತ್ತಮೂರು ಎಣಿಸಿದ್ದೆ.

ಅಂಗಡಿಯವನು, "ಚಳಿ ಮುಗೀತಲ್ಲ ಸಾರ್. ನೀವು ಹೇಳೋ ನಾಲ್ಕು ಬಣ್ಣದಲ್ಲಿ ಒಂದೂ ಇಲ್ಲ. ಇರೋದು ಈ ಬದನೆಕಾಯಿ ಬಣ್ಣ ಒಂದೇ, ಯಾರೂ ಮುಟ್ಟಲ್ಲ" ಎಂದ. ಅದನ್ನೇ ತಂದೆ.

"ಇದ್ಯಾವ ಋತು ರೀ?" ಎಂದಳು ಹೆಂಡತಿ.

"ಅಂಗಡಿಯವನ ಉಳಿಕೆಯ ಋತು," ಎಂದೆ. ಬಹಳ ಹೊತ್ತು ನಕ್ಕಳು. ಅಷ್ಟು ನಗುವಂಥದ್ದೇನೂ ಇರಲಿಲ್ಲ.

ಆಮೇಲೆ ಇಪ್ಪತ್ತಮೂರರ ವಿಷಯ ಹೇಳಿದೆ. ಮೂರೋ ನಾಲ್ಕೋ ಎಂದುಕೊಂಡಿದ್ದೆ, ತಪ್ಪಾಗಿತ್ತು ಎಂದೆ.

ಆಕೆ ನೂಲಿನ ಉಂಡೆಯ ತುದಿ ಹುಡುಕುತ್ತಿದ್ದಳು. "ಇಪ್ಪತ್ಮೂರೇನಾ? ನೀವು ಎಣಿಸೋವಾಗ ಒಂದೊಂದು ಬಿಡ್ತೀರಿ ಅಂತ ಗೊತ್ತಲ್ಲ," ಎಂದಳು. ಉಂಡೆಯನ್ನು ಇನ್ನೊಂದು ಸುತ್ತು ತಿರುಗಿಸಿ, "ತುದಿ ಸಿಕ್ತು, ಹಿಡ್ಕೊಳ್ಳಿ" ಎಂದಳು. ಹಿಡಿದುಕೊಂಡೆ.

ಏಪ್ರಿಲ್ ೧೩, ಭಾನುವಾರ

ದಿನಕ್ಕೆ ಅರ್ಧ ತಾಸು, ಕೆಲವೊಮ್ಮೆ ಒಂದು. ಕಡ್ಡಿ ಬೀಳುತ್ತದೆ, ನಾನು ಎತ್ತಿಕೊಡುತ್ತೇನೆ. ಆಕೆಯ ಕುಣಿಕೆಗಳು ಈಗ ಸಡಿಲ. ಒಂದೊಂದರಲ್ಲೂ ಕಿರುಬೆರಳು ತೂರೀತು. ನನ್ನವು ಬಿಗಿ. ಮೊದಲಿಗೆ ಎರಡೂ ಸೇರುವಲ್ಲಿ ಸುಕ್ಕಾದೀತೆಂದು ಅಂಜಿದ್ದೆ. ಸುಕ್ಕಾಗಲಿಲ್ಲ. ಸಡಿಲವಿದ್ದುದರಿಂದ ಬೇಗ ತುಂಬುತ್ತಿದೆ ಕೂಡ. ಒಂದು ಪಕ್ಕ ಮುಗಿಯಿತು.

ನಾನು ಇಂದು ಬೇರೇನೂ ಮಾಡಲಿಲ್ಲ. ಎದುರಿಗೆ ಕುಳಿತಿದ್ದೆ.

ಏಪ್ರಿಲ್ ೨೦, ಭಾನುವಾರ

ವೈದ್ಯರು ಹೇಳಿದ್ದ ಮೂರು ತಿಂಗಳು ಇಂದಿಗೆ ಮುಗಿದವು. ಕೈ ಮೊದಲಿನಂತಾಗಿಲ್ಲ. ಲೋಟ ಹಿಡಿಯಬಲ್ಲಳು, ತುಂಬಿದ ಲೋಟ ಆಗದು. ಗುಂಡಿ ಹಾಕಲಾರಳು. ಕಡ್ಡಿ ಹಿಡಿಯಬಲ್ಲಳು.

ಎರಡು ಮುಖಗಳನ್ನೂ ಸೇರಿಸಿ, ದಿಂಬನ್ನು ಒಳಗಿಟ್ಟು ಹೊಲಿದೆವು. ನೂಲು ಹಿಡಿದದ್ದು ಆಕೆ, ಸೂಜಿ ನನ್ನದು. ಮಗಳು ಬಂದು ಗವುಸನ್ನು ತಿರುಗಿಸಿ ನೋಡಿದಳು. ಮುಂದೆ ಹದಿನಾರು ನೆಟ್ಟನೆಯ ಪಟ್ಟೆಗಳು. ಹಿಂದೆ ಋತುಗಳೆಲ್ಲ ಮೇಲಕ್ಕೆ ಹೋದಂತೆ ಕಿರಿದಾಗುತ್ತ, ಇಕ್ಕೆಲಗಳಲ್ಲಿ ಬದನೆಕಾಯಿ ಬಣ್ಣ ಅಗಲವಾಗುತ್ತ ಹೋಗಿದೆ.

"ಅಪ್ಪಾ, ಇದು ಬೇಕಂತಲೇ ಹೀಗೆ ಮಾಡಿದ್ದಾ? ಚೆನ್ನಾಗಿದೆ!"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ, ನಾನು ತಪ್ಪಿದೆ, ನಿಮ್ಮಮ್ಮ ತುಂಬಿಕೊಟ್ಟಳು," ಎಂದೆ.

"ಯಾವ ಮುಖ ಹೊರಗೆ ಕಾಣಬೇಕು?"

"ನಿನ್ನ ಕುರ್ಚಿ, ನಿನ್ನ ಇಷ್ಟ," ಎಂದಳು ಆಕೆ. ಮಗಳು ಹೋಗುವಾಗ ಬದನೆಕಾಯಿಯ ಮುಖವನ್ನು ಹೊರಗಿಟ್ಟು ತೋಳಿನಲ್ಲಿ ಅವುಚಿಕೊಂಡಿದ್ದಳು.

ಏಪ್ರಿಲ್ ೨೭, ಭಾನುವಾರ

ಕಸ ಗುಡಿಸುವಾಕೆ ಕುರ್ಚಿಗಳನ್ನು ಬೀದಿಗೆ ಮುಖಮಾಡಿ ಇಟ್ಟುಹೋಗಿದ್ದಳು. ತಿರುಗಿಸಿ ಎದುರುಬದುರು ಹಾಕಿದೆ.

ಹೆಂಡತಿ ಉಳಿದ ನೂಲುಗಳಿಂದ ಹೊಸದೊಂದನ್ನು ಶುರುಮಾಡಿದ್ದಾಳೆ. ಸರಪಳಿಯಿಂದ ಹಿಡಿದು ಎಲ್ಲವೂ ಆಕೆಯದೇ, ಎಡಗೈಯಲ್ಲೇ. ಏನೆಂದು ಕೇಳಿದರೆ, "ಆದ ಮೇಲೆ ಗೊತ್ತಾಗುತ್ತೆ" ಎನ್ನುತ್ತಾಳೆ. ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಹೆಣೆಯುತ್ತಾಳೆ. ಈ ಅಭ್ಯಾಸ ಯಾವಾಗಿನಿಂದ ಇದೆಯೋ.

ಮೂರನೆಯ ಸಾಲಿನ ಕೊನೆಯ ಕುಣಿಕೆ ಬಿಗಿಯಾಗಿತ್ತು. ಕೊಕ್ಕೆಗೆ ಸಿಗಲಿಲ್ಲವೋ, ಬೆರಳು ದಣಿದಿತ್ತೋ, ಆಕೆ ಅದನ್ನು ಬಿಟ್ಟು ತಿರುಗಿಸಿದಳು.

ಕಂಡೆ.

ಆಕೆ ತಲೆಯೆತ್ತದೆ, "ಏನಾದ್ರೂ ಹೇಳೋದಿದೆಯಾ?" ಎಂದಳು.

"ಏನಿಲ್ಲ, ಮುಂದಕ್ಕೆ ಹಾಕು," ಎಂದೆ.